ರಾಣಿಯನ್ನು ಉಳಿಸಿದವರು ಯಾರು? – ಕವಲ್ಲಿಯ ‘ಲಾ ದಿದೋನೆ’ (1641): ಒಂದು ಅಧ್ಯಯನ

1. ಪ್ರವೇಶ

ಕಾರ್ಥೇಜಿನ ರಾಣಿ ಡೈಡೋಳ ಕಥೆ ಪಾಶ್ಚಾತ್ಯ ಸಾಹಿತ್ಯದ ಓದುಗರಿಗೆ ವರ್ಜಿಲ್‌ನ ‘ಈನಿಯಡ್’ ಮಹಾಕಾವ್ಯದ ನಾಲ್ಕನೆಯ ಸರ್ಗದಿಂದ ಪರಿಚಿತವಾದುದು. ಸಂಗೀತವನ್ನು ಬಲ್ಲವರಿಗೆ ಅದು ಇಂಗ್ಲೆಂಡಿನ ಹೆನ್ರಿ ಪರ್ಸೆಲ್‌ನ ‘ಡೈಡೋ ಅಂಡ್ ಈನಿಯಸ್’ ಒಪೇರಾದ ಮೂಲಕ ತಿಳಿದಿದೆ. 1689ರಲ್ಲಿ ಲಂಡನ್ ಸಮೀಪದ ಚೆಲ್ಸಿಯ ಬಾಲಿಕೆಯರ ಶಾಲೆಯೊಂದರಲ್ಲಿ ಪ್ರದರ್ಶಿತವಾದ ಆ ಕೃತಿಯ ಕೊನೆಯ ವಿಲಾಪಗೀತೆ ಇಂದಿಗೂ ಜಗತ್ತಿನ ವೇದಿಕೆಗಳಲ್ಲಿ ಕೇಳಿಬರುತ್ತದೆ. ಆದರೆ ಅದಕ್ಕಿಂತ ನಾಲ್ವತ್ತೆಂಟು ವರ್ಷಗಳಷ್ಟು ಹಿಂದೆ, 1641ರ ಕಾರ್ನಿವಲ್ ಹಬ್ಬದ ಋತುವಿನಲ್ಲಿ, ವೆನಿಸ್ ನಗರದ ಸಾನ್ ಕಸ್ಸಿಯಾನೊ ರಂಗಮಂದಿರದಲ್ಲಿ ಇದೇ ರಾಣಿಯನ್ನು ಕುರಿತ ಇನ್ನೊಂದು ಒಪೇರಾ ಪ್ರದರ್ಶನಗೊಂಡಿತ್ತು. ಅದು ಫ್ರಾಂಚೆಸ್ಕೊ ಕವಲ್ಲಿ ಸಂಗೀತ ಸಂಯೋಜಿಸಿದ, ಜೊವಾನ್ನಿ ಫ್ರಾಂಚೆಸ್ಕೊ ಬುಸೆನೆಲ್ಲೊ ಸಾಹಿತ್ಯ ರಚಿಸಿದ ‘ಲಾ ದಿದೋನೆ’. ಇದು ವಿದ್ವಾಂಸರ ವಲಯದ ಹೊರಗೆ ಹೆಚ್ಚು ಪ್ರಸಿದ್ಧವಾದುದಲ್ಲ.

ಈ ಕೃತಿಯ ಬಗ್ಗೆ ಸಾಮಾನ್ಯವಾಗಿ ಹೇಳಲಾಗುವ ಮಾತು ಒಂದೇ: ಇದರಲ್ಲಿ ಡೈಡೋ ಸಾಯುವುದಿಲ್ಲ. ಈನಿಯಸ್ ತೊರೆದುಹೋದ ಮೇಲೆ ಅವಳು ಆಫ್ರಿಕದ ದೊರೆ ಇಯಾರ್ಬಸ್‌ನನ್ನು ಮದುವೆಯಾಗುತ್ತಾಳೆ. ಹಬ್ಬದ ಪ್ರೇಕ್ಷಕರನ್ನು ಸಂತೋಷಪಡಿಸಲು ಕವಿ ದುರಂತವನ್ನು ಶುಭಾಂತ್ಯಗೊಳಿಸಿದ ಎಂಬಲ್ಲಿಗೆ ಬಹಳ ಮಂದಿಯ ಚರ್ಚೆ ಮುಗಿದುಬಿಡುತ್ತದೆ. ಈ ವಿವರಣೆ ತಪ್ಪಲ್ಲವಾದರೂ ಅಪೂರ್ಣವಾದುದು. ಡೈಡೋಳ ಕಥೆಯ ಪ್ರಾಚೀನತಮ ಪಾಠವನ್ನು ಮುಂದಿಟ್ಟುಕೊಂಡು ನೋಡಿದರೆ ಈ ಶುಭಾಂತ್ಯದ ಅರ್ಥವೇ ಬದಲಾಗುತ್ತದೆ. ರಾಣಿಯನ್ನು ನಿಜವಾಗಿ ಉಳಿಸಿದವರು ಯಾರು, ಯಾವುದರಿಂದ ಉಳಿಸಿದರು ಎಂಬ ಪ್ರಶ್ನೆಯನ್ನು ಕಥೆ, ರಂಗರಚನೆ ಮತ್ತು ಸಂಗೀತ ಈ ಮೂರು ನೆಲೆಗಳಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಮೂಲಕಥೆಯ ಎರಡು ಧಾರೆಗಳು

ಡೈಡೋಳನ್ನು ಕುರಿತು ಪ್ರಾಚೀನ ಜಗತ್ತಿನಲ್ಲಿ ಎರಡು ಧಾರೆಗಳಿದ್ದುವು. ಮೊದಲನೆಯದು ಇತಿಹಾಸಕಾರರ ಧಾರೆ. ಸಿಸಿಲಿಯ ಗ್ರೀಕ್ ಇತಿಹಾಸಕಾರ ತಿಮೇಯಸ್‌ನಲ್ಲಿ ಇದರ ಹಳೆಯ ರೂಪವೂ, ಪೊಂಪೇಯಸ್ ಟ್ರೋಗಸ್‌ನ ಇತಿಹಾಸವನ್ನು ಸಂಗ್ರಹಿಸಿದ ಜಸ್ಟಿನ್‌ನಲ್ಲಿ ವಿಸ್ತಾರವಾದ ರೂಪವೂ ಸಿಗುತ್ತವೆ. ಇದರ ಪ್ರಕಾರ ಡೈಡೋ ಫಿನೀಷಿಯದ ಟೈರ್ ನಗರದ ರಾಜಪುತ್ರಿ. ಎಲಿಸ್ಸಾ ಎಂಬುದು ಅವಳ ಇನ್ನೊಂದು ಹೆಸರು. ಸಹೋದರ ಪಿಗ್ಮೇಲಿಯನ್ ಸಂಪತ್ತಿನ ಆಸೆಯಿಂದ ಅವಳ ಗಂಡನನ್ನು ಕೊಲ್ಲಿಸುತ್ತಾನೆ. ಅವಳು ಗಂಡನ ಐಶ್ವರ್ಯದೊಡನೆ, ನಂಬಿದ ಜನರೊಡನೆ ಹಡಗೇರಿ ಆಫ್ರಿಕದ ತೀರಕ್ಕೆ ಬರುತ್ತಾಳೆ. ಒಂದು ಎತ್ತಿನ ಚರ್ಮ ಮುಚ್ಚುವಷ್ಟು ನೆಲವನ್ನು ಕೊಳ್ಳುವುದಾಗಿ ಸ್ಥಳೀಯರೊಡನೆ ಒಪ್ಪಂದ ಮಾಡಿಕೊಂಡು, ಆ ಚರ್ಮವನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಒಂದು ಗುಡ್ಡವನ್ನೇ ಸುತ್ತುವರಿಯುತ್ತಾಳೆ. ಅಲ್ಲಿ ನಗರ ಬೆಳೆಯುತ್ತದೆ. ಅದರ ಏಳಿಗೆಯನ್ನು ಕಂಡ ಇಯಾರ್ಬಸ್ ಎಂಬ ದೊರೆ, ತನ್ನನ್ನು ವರಿಸದಿದ್ದರೆ ಯುದ್ಧ ಸಾರುವುದಾಗಿ ಬೆದರಿಸುತ್ತಾನೆ. ಡೈಡೋ ಕಾಲಾವಕಾಶ ಕೇಳಿ, ಸತ್ತ ಗಂಡನ ಶಾಂತಿಗೆಂದು ಚಿತೆಯೊಂದನ್ನು ಸಿದ್ಧಪಡಿಸಿ, ಅದನ್ನೇರಿ ಕತ್ತಿಯಿಂದ ಇರಿದುಕೊಂಡು ಸಾಯುತ್ತಾಳೆ. ಈ ಕಥೆಯಲ್ಲಿ ಈನಿಯಸ್ ಇಲ್ಲವೇ ಇಲ್ಲ.

ಇರಲು ಸಾಧ್ಯವೂ ಇರಲಿಲ್ಲ. ಪ್ರಾಚೀನರ ಕಾಲಗಣನೆಯಂತೆ ಟ್ರಾಯ್ ಪತನವಾದದ್ದು ಕ್ರಿ.ಪೂ. 1184ರಲ್ಲಿ, ಕಾರ್ಥೇಜ್ ಸ್ಥಾಪನೆಯಾದದ್ದು ಕ್ರಿ.ಪೂ. 814ರಲ್ಲಿ. ನಡುವೆ ಮುನ್ನೂರ ಎಪ್ಪತ್ತು ವರ್ಷಗಳ ಅಂತರವಿದೆ. ಈ ಅಂತರವನ್ನು ದಾಟಿ ಇಬ್ಬರನ್ನೂ ಒಂದೇ ಗುಹೆಯಲ್ಲಿ ಕೂಡಿಸಿದ ಪ್ರೇಮಕಥೆಯನ್ನು ಶಾಶ್ವತಗೊಳಿಸಿದವನು ವರ್ಜಿಲ್. ಅವನಲ್ಲಿ ಡೈಡೋ ಗಂಡನಿಗೆ ಕೊಟ್ಟ ಮಾತನ್ನು ಮುರಿದು ಈನಿಯಸ್‌ನಿಗೆ ಒಲಿಯುತ್ತಾಳೆ. ತಿರಸ್ಕೃತನಾದ ಇಯಾರ್ಬಸ್ ಜ್ಯೂಪಿಟರ್‌ಗೆ ಮೊರೆಯಿಡುತ್ತಾನೆ. ದೇವದೂತ ಮರ್ಕ್ಯುರಿ ಬಂದು ಈನಿಯಸ್‌ನಿಗೆ ಇಟಲಿಯ ನೆನಪು ಮಾಡುತ್ತಾನೆ. ನಾಯಕ ಹೊರಟುಹೋಗುತ್ತಾನೆ. ರಾಣಿ ಅವನ ಕತ್ತಿಯಿಂದಲೇ ಇರಿದುಕೊಂಡು, ಮುಂದಿನ ತಲೆಮಾರುಗಳ ವೈರವನ್ನು ಶಪಿಸಿ ಸಾಯುತ್ತಾಳೆ. ಎರಡು ಧಾರೆಗಳಲ್ಲೂ ಚಿತೆಯಿದೆ, ಕತ್ತಿಯಿದೆ. ಆದರೆ ಒಂದರಲ್ಲಿ ಅವಳು ಮಾತನ್ನು ಉಳಿಸಿಕೊಳ್ಳಲು ಸಾಯುತ್ತಾಳೆ, ಇನ್ನೊಂದರಲ್ಲಿ ಮಾತು ಮುರಿದದ್ದರಿಂದ ಸಾಯುತ್ತಾಳೆ.

ವರ್ಜಿಲ್‌ನ ಈ ಬದಲಾವಣೆಗೆ ಪ್ರತಿರೋಧ ಬಹುಕಾಲ ಮುಂದುವರಿಯಿತು. ಕ್ರೈಸ್ತ ಲೇಖಕರಾದ ಟರ್ಟುಲಿಯನ್ ಮತ್ತು ಜೆರೋಮ್ ಡೈಡೋಳನ್ನು ಪಾತಿವ್ರತ್ಯದ ನಿದರ್ಶನವಾಗಿ ಎತ್ತಿಹಿಡಿದರು. ವರ್ಜಿಲ್‌ನ ಕಥೆ ಸುಳ್ಳೆಂದು ಎಲ್ಲರಿಗೂ ತಿಳಿದಿದ್ದರೂ ಅದರ ಸೊಗಸಿಗೆ ಮರುಳಾಗಿ ಅದನ್ನೇ ನಿಜವೆಂದು ನಡೆಸುತ್ತಾರೆ ಎಂಬ ಅರ್ಥದ ಮಾತನ್ನು ಮಕ್ರೋಬಿಯಸ್ ಹೇಳಿದ್ದಾನೆ. ಹದಿನಾಲ್ಕನೆಯ ಶತಮಾನದ ಇಟಲಿಯಲ್ಲಿ ಪೆಟ್ರಾರ್ಕ್ ಮತ್ತು ಬೊಕ್ಕಾಚಿಯೊ ಈ ‘ನಿಜವಾದ’ ಡೈಡೋಳ ಪರವಾಗಿ ಬರೆದರು. ಬುಸೆನೆಲ್ಲೊ ಲೇಖನಿ ಹಿಡಿದಾಗ ಈ ಎರಡು ಧಾರೆಗಳೂ ವಿದ್ಯಾವಂತರಿಗೆ ಚೆನ್ನಾಗಿ ಗೊತ್ತಿದ್ದುವೆಂಬುದನ್ನು ನಾವು ಮರೆಯಬಾರದು.

3. ವೆನಿಸ್: ಕವಿ, ಸಂಯೋಜಕ, ರಂಗಮಂದಿರ

ಒಪೇರಾ ಹುಟ್ಟಿದ್ದು ಅರಮನೆಗಳಲ್ಲಿ. ಅದನ್ನು ಹಣ ಕೊಟ್ಟು ಬರುವ ಸಾರ್ವಜನಿಕರ ಕಲೆಯನ್ನಾಗಿ ಮಾಡಿದ್ದು ವೆನಿಸ್. ತ್ರೋನ್ ಮನೆತನಕ್ಕೆ ಸೇರಿದ ಸಾನ್ ಕಸ್ಸಿಯಾನೊ ರಂಗಮಂದಿರದಲ್ಲಿ 1637ರಲ್ಲಿ ‘ಆಂಡ್ರೊಮಿಡಾ’ ಪ್ರದರ್ಶನವಾದಾಗ ಈ ಪರಂಪರೆ ಆರಂಭವಾಯಿತು. ಅದರ ನಾಲ್ಕನೆಯ ವರ್ಷದಲ್ಲಿ ‘ಲಾ ದಿದೋನೆ’ ಬಂದಿತು.

ಸಂಯೋಜಕ ಕವಲ್ಲಿ ಕ್ರೇಮಾ ಎಂಬ ಊರಿನವನು, ಹುಟ್ಟಿದ್ದು 1602ರಲ್ಲಿ. ಅವನ ಮನೆತನದ ಹೆಸರು ಕಲೆತ್ತಿ. ಕ್ರೇಮಾದಲ್ಲಿ ವೆನಿಸ್‌ನ ಅಧಿಕಾರಿಯಾಗಿದ್ದ ಫೆದೆರಿಕೊ ಕವಲ್ಲಿ ಈ ಹುಡುಗನ ಕಂಠವನ್ನು ಮೆಚ್ಚಿ ರಾಜಧಾನಿಗೆ ಕರೆತಂದನು. ಆಶ್ರಯದಾತನ ಹೆಸರೇ ಮುಂದೆ ಅವನ ಹೆಸರಾಯಿತು. 1616ರಲ್ಲಿ ಸಂತ ಮಾರ್ಕನ ಬಸಿಲಿಕದ ಗಾಯಕವೃಂದವನ್ನು ಸೇರಿದ ಅವನು ಅಲ್ಲಿ ಮಾಂತೆವೆರ್ದಿಯ ಕೈಕೆಳಗೆ ಬೆಳೆದನು. ಕವಿ ಬುಸೆನೆಲ್ಲೊ (1598–1659) ವೃತ್ತಿಯಿಂದ ವಕೀಲ. ಜೊವಾನ್ ಫ್ರಾಂಚೆಸ್ಕೊ ಲೊರೆದಾನ್ ಸ್ಥಾಪಿಸಿದ್ದ ‘ಇಂಕೊಞಿತಿ’, ಅಂದರೆ ‘ಅಜ್ಞಾತರು’ ಎಂಬ ವಿದ್ವತ್‌ಕೂಟದ ಸದಸ್ಯ. ಸ್ಥಾಪಿತ ಮೌಲ್ಯಗಳನ್ನು ಸಂದೇಹದಿಂದ ನೋಡುವುದು, ಒಂದೇ ವಿಷಯವನ್ನು ಪರ ಹಾಗೂ ವಿರೋಧವಾಗಿ ವಾದಿಸುವುದು ಈ ಕೂಟದ ಅಭ್ಯಾಸವಾಗಿತ್ತು. ಎರಡು ವರ್ಷಗಳ ತರುವಾಯ ಇದೇ ಬುಸೆನೆಲ್ಲೊ ಮಾಂತೆವೆರ್ದಿಗಾಗಿ ‘ಪೊಪ್ಪೆಯಾಳ ಪಟ್ಟಾಭಿಷೇಕ’ವನ್ನು ಬರೆದು, ನೀರೋ ಚಕ್ರವರ್ತಿಯ ಪ್ರೇಯಸಿಯನ್ನು ಯಾವ ಶಿಕ್ಷೆಗೂ ಒಳಪಡಿಸದೆ ಸಿಂಹಾಸನದ ಮೇಲೆ ಕೂರಿಸಿದನು. ಇಂಥ ಕವಿ ಡೈಡೋಳಿಗೆ ಮದುವೆ ಮಾಡಿಸಿದಾಗ ಅದನ್ನು ಕೇವಲ ಮೃದುಹೃದಯದ ಕೆಲಸವೆಂದು ಓದುವುದು ಸಾಲದು.

1656ರಲ್ಲಿ ತನ್ನ ನಾಟಕಗಳನ್ನು ಒಟ್ಟುಗೂಡಿಸಿ ಮುದ್ರಿಸಿದಾಗ ಬುಸೆನೆಲ್ಲೊ ಈ ಬದಲಾವಣೆಗೆ ಕಾರಣ ಕೊಟ್ಟಿದ್ದಾನೆ. ಅವನ ಸಮರ್ಥನೆಯ ಸಾರ ಇಷ್ಟು: ಈ ನಾಟಕ ಪ್ರಾಚೀನರ ನಿಯಮಗಳಿಗೆ ಬದ್ಧವಾದುದಲ್ಲ, ಗಂಟೆಗಳ ಬದಲು ವರ್ಷಗಳನ್ನೇ ತೋರಿಸುವ ಸ್ಪೇನ್ ದೇಶದ ರೀತಿಯದು, ಡೈಡೋ ಮತ್ತು ಈನಿಯಸ್‌ರ ಕಾಲವನ್ನು ವರ್ಜಿಲ್ ಹೊಂದಿಸಿಕೊಂಡಂತೆ ಬೇರೆ ಕವಿಗಳಿಗೂ ಕಥೆಯನ್ನು ಹೊಂದಿಸಿಕೊಳ್ಳುವ ಸ್ವಾತಂತ್ರ್ಯವುಂಟು. ರಸಕ್ಕೆ ಒಗ್ಗದ ಪೂರ್ವಕಥಾಂಶವನ್ನು ಬಿಟ್ಟು ಬೇರೆಯದನ್ನು ಕಲ್ಪಿಸಿಕೊಳ್ಳಬಹುದೆಂಬ ಆನಂದವರ್ಧನನ ಮಾತನ್ನು ಬಲ್ಲವರಿಗೆ ಈ ವಾದದಲ್ಲಿ ಅಚ್ಚರಿಯಿಲ್ಲ. ಆದರೆ ಬುಸೆನೆಲ್ಲೊ ಇಲ್ಲಿ ರಸವನ್ನು ಮುಂದಿಡುತ್ತಿಲ್ಲ. ವಕೀಲನಂತೆ ಪೂರ್ವನಿದರ್ಶನವನ್ನು ಮುಂದಿಡುತ್ತಿದ್ದಾನೆ. ವರ್ಜಿಲ್ ಬದಲಿಸಿದ್ದು ನ್ಯಾಯವಾದರೆ ತಾನು ಬದಲಿಸಿದ್ದೂ ನ್ಯಾಯ ಎಂಬುದೇ ಅವನ ತರ್ಕ.

4. ರಂಗರಚನೆ: ಟ್ರಾಯ್ ನಗರದ ಕಥೆಯನ್ನು ಹೇಳುವವರು ಯಾರು?

‘ಲಾ ದಿದೋನೆ’ಯಲ್ಲಿ ಒಂದು ಪ್ರಸ್ತಾವನೆ ಮತ್ತು ಮೂರು ಅಂಕಗಳಿವೆ. ಡೈಡೋಳ ಹೆಸರಿನ ಈ ಕೃತಿಯ ಮೊದಲನೆಯ ಅಂಕದಲ್ಲಿ ಡೈಡೋ ಬರುವುದೇ ಇಲ್ಲ. ಇಡೀ ಅಂಕ ಉರಿಯುತ್ತಿರುವ ಟ್ರಾಯ್ ನಗರದಲ್ಲಿ ನಡೆಯುತ್ತದೆ. ರಾಜಪುತ್ರಿ ಕಸಾಂಡ್ರಳನ್ನು ರಕ್ಷಿಸಲು ಹೋಗಿ ಕೊರೀಬಸ್ ಸಾಯುತ್ತಾನೆ. ರಾಜಮಾತೆ ಹೆಕುಬ ಗಂಡ, ಮಕ್ಕಳು, ನಗರ ಎಲ್ಲವನ್ನೂ ಕಳೆದುಕೊಂಡು ಗೋಳಿಡುತ್ತಾಳೆ. ಈನಿಯಸ್ ತಂದೆಯನ್ನೂ ಮಗನನ್ನೂ ಕರೆದುಕೊಂಡು ಪಾರಾಗುತ್ತಾನೆ. ಹೆಂಡತಿ ಕ್ರೆಯೂಸ ಸತ್ತು, ನೆರಳಾಗಿ ಅವನಿಗೆ ಕಾಣಿಸಿಕೊಳ್ಳುತ್ತಾಳೆ.

ಇದನ್ನು ರಚನೆಯ ದೋಷವೆಂದು ಭಾವಿಸುವುದು ಸುಲಭ. ಆದರೆ ವರ್ಜಿಲ್‌ನೊಡನೆ ಹೋಲಿಸಿದಾಗ ಇದರ ಮಹತ್ವ ಗೋಚರಿಸುತ್ತದೆ. ಮಹಾಕಾವ್ಯದಲ್ಲಿ ಟ್ರಾಯ್ ಪತನದ ವೃತ್ತಾಂತವನ್ನು ಹೇಳುವವನು ಸ್ವತಃ ಈನಿಯಸ್. ಅದೂ ಡೈಡೋಳ ಔತಣದ ಮನೆಯಲ್ಲಿ, ಅವಳ ಮುಂದೆ. ಅಲ್ಲಿ ಕಸಾಂಡ್ರ, ಹೆಕುಬ, ಕ್ರೆಯೂಸ ಮೂವರೂ ಅವನ ಮಾತಿನೊಳಗಣ ಪಾತ್ರಗಳು. ಹೆಂಡತಿಯನ್ನು ಕತ್ತಲಲ್ಲಿ ಕಳೆದುಕೊಂಡ ಬಗೆಯನ್ನು ನಾವು ಕಳೆದುಕೊಂಡವನ ಬಾಯಿಂದಲೇ ಕೇಳುತ್ತೇವೆ. ಆ ವೃತ್ತಾಂತವನ್ನು ಕೇಳುತ್ತ ಕೇಳುತ್ತಲೇ ಡೈಡೋ ಅವನಿಗೆ ಸೋಲುತ್ತಾಳೆ. ಬುಸೆನೆಲ್ಲೊ ಈ ನಿರೂಪಕನನ್ನು ತೆಗೆದುಹಾಕಿದ್ದಾನೆ. ಟ್ರಾಯ್ ನಮ್ಮ ಕಣ್ಣೆದುರೇ ಉರಿಯುತ್ತದೆ. ಹೆಂಗಸರು ತಮ್ಮ ದುಃಖವನ್ನು ತಾವೇ ಹಾಡುತ್ತಾರೆ. ಹೀಗಾಗಿ ಎರಡನೆಯ ಅಂಕದಲ್ಲಿ ಈನಿಯಸ್ ಕಾರ್ಥೇಜಿಗೆ ಬಂದಾಗ ಡೈಡೋಳಿಗೆ ತಿಳಿಯದ ಒಂದು ಸಂಗತಿ ಪ್ರೇಕ್ಷಕರಿಗೆ ತಿಳಿದಿರುತ್ತದೆ: ಈ ವೀರನ ದೈವಸಂಕಲ್ಪಿತ ಪಯಣದ ದಾರಿಯಲ್ಲಿ ಒಬ್ಬಳು ಸ್ತ್ರೀ ಈಗಾಗಲೇ ಹಿಂದೆ ಉಳಿದಿದ್ದಾಳೆ. ಮೂರನೆಯ ಅಂಕದ ಪರಿತ್ಯಾಗ ಆಕಸ್ಮಿಕವಾಗಿ ಕಾಣದೆ ಪುನರಾವೃತ್ತಿಯಾಗಿ ಕಾಣುತ್ತದೆ.

ಕೃತಿಯ ನಿಜವಾದ ಪ್ರತಿಭಟನೆ ಇರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ವರ್ಜಿಲ್‌ನ ಅಧಿಕಾರವನ್ನು ಬುಸೆನೆಲ್ಲೊ ಕೊನೆಯ ದೃಶ್ಯದಲ್ಲಿ ಮುರಿಯುವುದಕ್ಕೆ ಮೊದಲೇ, ಕಥೆ ಹೇಳುವ ಹಕ್ಕನ್ನು ನಾಯಕನಿಂದ ಕಿತ್ತುಕೊಂಡು ಮೊದಲನೆಯ ಅಂಕದಲ್ಲಿಯೇ ಮುರಿದಿದ್ದಾನೆ.

5. ಸಂಗೀತ: ಹಾಡು ಯಾರಿಗೆ, ಮಾತು ಯಾರಿಗೆ?

ಆ ಕಾಲದ ವೆನಿಸ್ ಒಪೇರಾದಲ್ಲಿ ಗಾಯನಕ್ಕೆ ಸ್ಥೂಲವಾಗಿ ಎರಡು ಬಗೆಗಳಿದ್ದುವು. ಮಾತಿನ ಏರಿಳಿತವನ್ನೇ ಅನುಸರಿಸುವ, ನಿಯತ ಲಯವಿಲ್ಲದ ರೆಸಿಟೇಟಿವ್ ಒಂದು. ಚರಣಬದ್ಧವಾದ, ಲಯಬದ್ಧವಾದ ಹಾಡು ಇನ್ನೊಂದು. ಹೆಚ್ಚಿನ ಕಥಾಭಾಗ ಮೊದಲನೆಯದರಲ್ಲಿ ಸಾಗಿ, ಭಾವ ತುಂಬಿ ಬಂದಾಗ ಎರಡನೆಯದು ಹೊಮ್ಮುತ್ತದೆ. ವೆನಿಸ್‌ನ ಮಾರ್ಚಿಯಾನಾ ಗ್ರಂಥಾಲಯದ ಕೊಂತಾರಿನಿ ಸಂಗ್ರಹದಲ್ಲಿ ಉಳಿದಿರುವ ಈ ಕೃತಿಯ ಹಸ್ತಪ್ರತಿಯ ಬಹುಭಾಗದಲ್ಲಿ ಗಾಯನದ ಸಾಲು ಮತ್ತು ಅದರ ಕೆಳಗಿನ ಮಂದ್ರವಾದ್ಯದ ಸಾಲು ಮಾತ್ರ ಇವೆ. ಇಷ್ಟು ಮಿತವಾದ ಸಾಮಗ್ರಿಯಲ್ಲಿ ಪಾತ್ರಕ್ಕೆ ಹಾಡು ಕೊಡುವುದೂ ಕೊಡದಿರುವುದೂ ಸಂಯೋಜಕನ ಮುಖ್ಯ ಆಯ್ಕೆಯಾಗುತ್ತದೆ.

ಕೃತಿಯಲ್ಲಿ ಅತ್ಯಂತ ಗಾಢವಾದ ವಿಲಾಪಗೀತೆ ಹೆಕುಬಳದು. ಮಂದ್ರಸ್ಥಾಯಿಯಲ್ಲಿ ಅರ್ಧರ್ಧ ಸ್ವರವಾಗಿ ಕೆಳಗಿಳಿಯುವ ಪುಟ್ಟ ಸ್ವರಪಂಕ್ತಿಯೊಂದು ಮತ್ತೆ ಮತ್ತೆ ಬರುತ್ತದೆ. ಅದರ ಮೇಲೆ ಮುದುಕಿ ರಾಣಿಯ ಗೀತೆ ಏಳಲಾರದೆ ಏಳುತ್ತದೆ. ತಪ್ಪಿಸಿಕೊಳ್ಳಲಾಗದ ವಿಧಿಯ ಭಾವವನ್ನು ಈ ಪುನರಾವರ್ತನೆಯೇ ಹುಟ್ಟಿಸುತ್ತದೆ. ಮುಂದೆ ಪರ್ಸೆಲ್ ತನ್ನ ಡೈಡೋಳ ಕೊನೆಯ ಹಾಡಿಗೆ ಬಳಸಿದ್ದೂ ಇಂಥದೇ ತಂತ್ರ. ಅಂದರೆ ಪರ್ಸೆಲ್ ಡೈಡೋಳಿಗೆ ಕೊಟ್ಟುದನ್ನು ಕವಲ್ಲಿ ಹೆಕುಬಳಿಗೆ ಕೊಟ್ಟಿದ್ದಾನೆ. ಹಾಗಾದರೆ ಕವಲ್ಲಿಯ ಡೈಡೋಳಿಗೆ ಏನು ಉಳಿಯಿತು?

ಅವಳಿಗೆ ಉಳಿದುದು ಮಾತು. ಎರಡನೆಯ ಅಂಕದಲ್ಲಿ ಇಯಾರ್ಬಸ್‌ನನ್ನು ನಿರಾಕರಿಸುವ ಡೈಡೋ ವಾದಿಸಬಲ್ಲ ರಾಣಿ; ಸತ್ತ ಗಂಡ ಸಿಕೇಯಸ್‌ನಿಗೆ ತಾನು ನಿಷ್ಠಳೆಂದು ಅವಳು ಸ್ಪಷ್ಟವಾಗಿ ತಿಳಿಸುತ್ತಾಳೆ. ಮೂರನೆಯ ಅಂಕದಲ್ಲಿ, ಈನಿಯಸ್ ಹೊರಟುಹೋದ ಮೇಲೆ, ಸಿಕೇಯಸ್‌ನ ನೆರಳು ಕಾಣಿಸಿಕೊಂಡು ಅವಳನ್ನು ನಿಂದಿಸುತ್ತದೆ. ಈನಿಯಸ್‌ನ ಕತ್ತಿಯನ್ನು ತರಿಸಿಕೊಂಡು ಅವಳು ಸಾಯಲು ಸಿದ್ಧಳಾಗುವ ದೀರ್ಘ ಸ್ವಗತವನ್ನು ಕವಲ್ಲಿ ರೆಸಿಟೇಟಿವ್‌ನಲ್ಲಿಯೇ ಹೊಂದಿಸಿದ್ದಾನೆ. ಹಾಡಿನ ಆಸರೆಯಾಗಲಿ ಪುನರಾವರ್ತನೆಯ ಊರುಗೋಲಾಗಲಿ ಅಲ್ಲಿಲ್ಲ. ಕೇಳುವವನಿಗೆ ಮುಂದಿನ ಸ್ವರ ಯಾವುದೆಂದು ತಿಳಿಯುವುದಿಲ್ಲ. ಹೆಕುಬಳ ದುಃಖದಲ್ಲಿ ವಿಧಿಯಿದ್ದರೆ ಇಲ್ಲಿ ಇನ್ನೂ ತೀರ್ಮಾನವಾಗದ ಮನಸ್ಸಿದೆ. ಹೆಕುಬಳ ಕಥೆ ಮುಗಿದುಹೋದ ಕಥೆ. ಡೈಡೋಳ ಕಥೆ ಬದಲಾಗಬಹುದಾದ ಕಥೆ. ಬುಸೆನೆಲ್ಲೊ ಕೈಹಾಕಿದ ಕಥಾಂತರಕ್ಕೆ ಕವಲ್ಲಿ ಸಂಗೀತದಲ್ಲಿ ಬಾಗಿಲು ತೆರೆದಿಟ್ಟಿರುವುದು ಹೀಗೆ.

6. ಮದುವೆಯೆಂಬ ಪರಿಹಾರ

ವರ್ಜಿಲ್‌ನಲ್ಲಿ ನೇಪಥ್ಯದ ಪಾತ್ರವಾಗಿದ್ದ ಇಯಾರ್ಬಸ್ ಇಲ್ಲಿ ಮುಖ್ಯಪಾತ್ರ. ತಿರಸ್ಕಾರದಿಂದ ಅವನಿಗೆ ಹುಚ್ಚು ಹಿಡಿಯುತ್ತದೆ. ಆಸ್ಥಾನದ ಸಖಿಯರು ಅವನನ್ನು ಹಾಸ್ಯ ಮಾಡುತ್ತಾರೆ. ಈನಿಯಸ್‌ನನ್ನು ಹೊರಡಿಸಲು ಬಂದ ಮರ್ಕ್ಯುರಿಯೇ ಇಯಾರ್ಬಸ್‌ನ ಬುದ್ಧಿಯನ್ನು ಸರಿಪಡಿಸುತ್ತಾನೆ. ಕೊನೆಗೆ ಡೈಡೋ ಸಾಯಲಿರುವ ಗಳಿಗೆಯಲ್ಲಿ ಅವನು ಬರುತ್ತಾನೆ. ಅವಳು ಅವನನ್ನು ಒಪ್ಪುತ್ತಾಳೆ. ಇಬ್ಬರ ಯುಗಳಗೀತೆಯೊಡನೆ ಒಪೇರಾ ಮುಗಿಯುತ್ತದೆ. ಸ್ವಗತದ ಒಣನೆಲದ ಬಳಿಕ ಈ ಹಾಡು ಕಿವಿಗೆ ತಂಪೆರೆಯುತ್ತದೆಂಬುದರಲ್ಲಿ ಸಂಶಯವಿಲ್ಲ.

ಈ ಮುಕ್ತಾಯವನ್ನು ವರ್ಜಿಲ್‌ನ ಪಕ್ಕದಲ್ಲಿಟ್ಟರೆ ಅದು ಕರುಣೆ. ಈನಿಯಸ್‌ನಿಲ್ಲದೆಯೂ ಡೈಡೋ ಬದುಕಬಲ್ಲಳು. ರೋಮಿನ ಮಹಿಮೆಗೆ ಅವಳ ಹೆಣ ಬೇಕಾಗಿಲ್ಲ. ಚಿತೆಯೇ ಇಲ್ಲದ ಮೇಲೆ ಚಿತೆಯ ಮೇಲಿನ ಶಾಪವೂ ಇಲ್ಲ, ಕ್ರಿ.ಪೂ. 146ರಲ್ಲಿ ಕಾರ್ಥೇಜಿನ ನಾಶದಲ್ಲಿ ಕೊನೆಗೊಂಡ ವೈರಕ್ಕೆ ಪೌರಾಣಿಕ ಮೂಲವೇ ಇಲ್ಲದಂತಾಗುತ್ತದೆ. ರೋಮಿನ ಪೋಪರೊಡನೆ ಹಲವು ಬಾರಿ ಸೆಣಸಿದ್ದ ವೆನಿಸ್ ಗಣರಾಜ್ಯದ ಪ್ರೇಕ್ಷಕರಿಗೆ, ರೋಮಿನ ಮೂಲಪುರುಷನು ಇಷ್ಟು ಹಗುರಾದುದು ಅಪ್ರಿಯವೇನೂ ಆಗಿರಲಾರದು.

ಆದರೆ ಇದೇ ಮುಕ್ತಾಯವನ್ನು ಜಸ್ಟಿನ್‌ನ ಪಕ್ಕದಲ್ಲಿಟ್ಟರೆ ಚಿತ್ರ ತಿರುವುಮುರುವಾಗುತ್ತದೆ. ಯಾವ ದೊರೆಯ ಕೈಹಿಡಿಯಲೊಲ್ಲದೆ ಅವಳು ಚಿತೆಯೇರಿದಳೋ ಅದೇ ದೊರೆಗೆ ಬುಸೆನೆಲ್ಲೊ ಅವಳನ್ನು ಮದುವೆ ಮಾಡಿಕೊಡುತ್ತಾನೆ. ವರ್ಜಿಲ್ ಅವಳ ನಿಷ್ಠೆಯನ್ನು ಮುರಿದರೂ ಆರನೆಯ ಸರ್ಗದಲ್ಲಿ ಅದನ್ನು ಒಂದು ಬಗೆಯಲ್ಲಿ ಹಿಂದಿರುಗಿಸಿದ್ದ: ಪಾತಾಳದಲ್ಲಿ ಎದುರಾದ ಈನಿಯಸ್‌ನಿಗೆ ಉತ್ತರ ಕೊಡದೆ, ಮೌನವಾಗಿ ಮುಖ ತಿರುಗಿಸಿ, ಅವಳು ಸಿಕೇಯಸ್‌ನ ಬಳಿಗೆ ಹೋಗುತ್ತಾಳೆ. ಒಪೇರಾದಲ್ಲಿ ಆ ಗಂಡನೂ ನಿಂದಿಸಿ ಮರೆಯಾಗುತ್ತಾನೆ. ಹಳೆಯ ಕಥೆಯಲ್ಲಿ ಅವಳದಾಗಿದ್ದ ಒಂದೇ ಒಂದು ನಿರಾಕರಣೆಯನ್ನು ಶುಭಾಂತ್ಯ ಅಳಿಸಿಹಾಕುತ್ತದೆ. ವೆಂಡಿ ಹೆಲ್ಲರ್, ಎಲೆನ್ ರೊಸಾಂಡ್ ಮೊದಲಾದ ವಿದುಷಿಯರ ಅಧ್ಯಯನಗಳು ಹದಿನೇಳನೆಯ ಶತಮಾನದ ವೆನಿಸ್ ಒಪೇರಾವನ್ನು ಗಂಭೀರ ಚರ್ಚೆಗೆ ತಂದಿವೆ. ಆ ಹಿನ್ನೆಲೆಯಲ್ಲಿ, ಸ್ತ್ರೀಪಾತ್ರವನ್ನು ಉಳಿಸುವ ಹೆಸರಿನಲ್ಲಿ ಅವಳ ಇಚ್ಛೆಯನ್ನು ತ್ಯಜಿಸುವ ಈ ಕಥನಕ್ರಮವನ್ನು ನಾವು ಗುರುತಿಸಬೇಕಾಗಿದೆ. ಜೀವ ಉಳಿಯಿತು, ‘ಒಲ್ಲೆ’ ಎಂಬ ಮಾತು ಉಳಿಯಲಿಲ್ಲ.

ಹಾಗೆಂದು ಹಳೆಯ ಪಾಠವೇ ಶ್ರೇಷ್ಠವೆಂದು ಹೇಳುವುದೂ ಸರಿಯಲ್ಲ. ಸತ್ತ ಗಂಡನಿಗಾಗಿ ಸಾಯುವ ರಾಣಿಯನ್ನು ಟರ್ಟುಲಿಯನ್ ಮೆಚ್ಚಿದ್ದು ಅವಳ ಸ್ವಾತಂತ್ರ್ಯವನ್ನು ಮೆಚ್ಚಿಯಲ್ಲ. ಬದುಕಬೇಕಾದರೆ ಇಚ್ಛೆಯನ್ನು ಬಿಡಬೇಕು, ಇಚ್ಛೆ ಉಳಿಯಬೇಕಾದರೆ ಸಾಯಬೇಕು. ಈ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಯಾವ ಪಾಠವೂ ಅವಳಿಗೆ ತೋರಿಸಿಲ್ಲ.

7. ಪುನರುಜ್ಜೀವನ ಮತ್ತು ಉಪಸಂಹಾರ

1650ರಲ್ಲಿ ನೇಪಲ್ಸ್ ನಗರದಲ್ಲಿ ಸಂಚಾರಿ ಕಲಾವಿದರ ತಂಡವೊಂದು ಈ ಕೃತಿಯನ್ನು ಪ್ರದರ್ಶಿಸಿತು. ಅಲ್ಲಿಂದ ಮುಂದೆ ಅದು ದೀರ್ಘಕಾಲ ಹಸ್ತಪ್ರತಿಯಲ್ಲಿ ಮಲಗಿತ್ತು. ಪ್ರಾಚೀನ ವಾದ್ಯಗಳ ಪುನರುಜ್ಜೀವನದ ಚಳವಳಿ ಅದನ್ನು ಎಬ್ಬಿಸಿತು. ಥಾಮಸ್ ಹೆಂಗೆಲ್‌ಬ್ರೋಕ್, ಫಾಬಿಯೊ ಬಿಯೋಂದಿ, ವಿಲಿಯಂ ಕ್ರಿಸ್ಟಿ ಮೊದಲಾದವರ ನಿರ್ದೇಶನದಲ್ಲಿ ಅದರ ಧ್ವನಿಮುದ್ರಣಗಳೂ ಪ್ರದರ್ಶನಗಳೂ ಆಗಿವೆ. 2011ರಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ಕ್ರಿಸ್ಟಿ ನಡೆಸಿದ ಪ್ರದರ್ಶನದ ದೃಶ್ಯಮುದ್ರಣ ಲಭ್ಯವಿರುವುದರಿಂದ ಈ ಕೃತಿಯನ್ನು ನೋಡಬಯಸುವ ಆಸಕ್ತರಿಗೆ ಅನುಕೂಲವಾಗಿದೆ.

ಒಟ್ಟಿನಲ್ಲಿ ‘ಲಾ ದಿದೋನೆ’ಯ ಮೌಲ್ಯ ಅದರ ಶುಭಾಂತ್ಯದಲ್ಲಿಲ್ಲ. ನಾಯಕನ ಬಾಯಿಂದ ಕಥೆಯನ್ನು ಬಿಡಿಸಿ ಕಸಾಂಡ್ರ, ಹೆಕುಬ, ಕ್ರೆಯೂಸರಿಗೆ ತಮ್ಮ ದನಿಯನ್ನು ತಾವೇ ಎತ್ತಲು ಎಡೆಮಾಡಿಕೊಟ್ಟದ್ದು ಅದರ ದೊಡ್ಡ ಸಾಧನೆ. ಆ ಧೈರ್ಯವನ್ನು ಕವಿ ಕೊನೆಯ ದೃಶ್ಯದವರೆಗೆ ಕೊಂಡೊಯ್ಯಲಿಲ್ಲ ಎಂಬುದು ಅದರ ಮಿತಿ. ಈ ಎಲ್ಲ ಪಾಠಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇನ್ನೊಂದು ಸಂಗತಿಯೂ ಎದ್ದುಕಾಣುತ್ತದೆ. ಅವಳು ಯಾರಿಗಾಗಿ ಸತ್ತಳು, ಯಾರಿಗಾಗಿ ಬದುಕಿದಳು ಎಂಬ ವಾದ ಶತಮಾನಗಳ ಕಾಲ ನಡೆಯಿತು. ಹಡಗೇರಿ ಕಡಲು ದಾಟಿದ, ಎತ್ತಿನ ಚರ್ಮವನ್ನು ಕತ್ತರಿಸಿ ನೆಲವನ್ನಳೆದು ನಗರವನ್ನು ನಿಲ್ಲಿಸಿದ ಹೆಂಗಸು ಆ ವಾದದ ಸದ್ದಿನಲ್ಲಿ ಹಿಂದೆ ಸರಿದಳು. ಪ್ರೇಮಕ್ಕೆ ಮೊದಲಿನ ಆ ಡೈಡೋಳನ್ನು ಕೇಂದ್ರದಲ್ಲಿಟ್ಟು ಈ ಕೃತಿಪರಂಪರೆಯನ್ನು ಮತ್ತೊಮ್ಮೆ ಓದುವ ಕೆಲಸ ಮುಂದಿನ ಅಧ್ಯಯನಕಾರರಿಗೆ ಉಳಿದಿದೆ.